ಗುಂಯ್‌ಗುಡುವ ಗಾಲಿಯೊಡನೆ ಕುಬಸಕ್ಕೆ

ಹಾನಗಲ್ಲಿನಿಂದ ನಾವು ಹೊರಟಾಗ ಆನೆಕೆರೆಯ ಮೇಲಿನ ಮಂಜು ಇನ್ನೂ ಸರಿದಿರಲಿಲ್ಲ. ದೀಪಾವಳಿ ಮುಗಿದ ಮೇಲಿನ ಚಳಿ. ಸ್ಟೇರಿಂಗ್ ಹಿಡಿದು ಕೂತವಳು ನಾನು, ಗಾಡಿ ಎರಡು ಸಲ ಆಫ್ ಆಯಿತು. ಅದು ಚಳಿಗೆ ಎಂದು ನಾನು ಹೇಳಿದೆ, ನಮ್ಮ ಯಜಮಾನರು ನಂಬಲಿಲ್ಲ. ಹಿರೇಕೆರೂರಿನ ಬೀಗರ ಮನೆಯಲ್ಲಿ ಮಾರನೆಯ ದಿನ ಮಗಳು ವಿದ್ಯಾಳ ಕುಬಸ, ಅಂದರೆ ಸೀಮಂತ. ಚೊಚ್ಚಲ ಬಸಿರು, ಏಳನೆಯ ತಿಂಗಳು. ಕುಬಸ ಮುಗಿಸಿ, ಹೆರಿಗೆಗೆಂದು ಅವಳನ್ನು ಇದೇ ವ್ಯಾನಿನಲ್ಲಿ ತವರಿಗೆ ಕರೆತರಬೇಕಿತ್ತು.

ನಾನು ಹಾನಗಲ್ಲಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಯಜಮಾನರದು ಹಿಟ್ಟಿನ ಗಿರಣಿ. ನಮ್ಮ ವ್ಯಾನಿಗೆ ಮಗಳಿಗಿಂತ ಸ್ವಲ್ಪವೇ ಕಡಿಮೆ ವಯಸ್ಸು. ಇಷ್ಟು ವರ್ಷ ಅದನ್ನು ಓಡಿಸಿದವರು ಅವರೇ. ನಾನು ಲೈಸೆನ್ಸ್ ಮಾಡಿಸಿಕೊಂಡಿದ್ದೆ ನಿಜ, ಆದರೆ ಆಡೂರಿನ ತಂಗಿಯ ಮನೆಯಿಂದಾಚೆ ಎಂದೂ ಗಾಡಿ ಒಯ್ದವಳಲ್ಲ. ಹಬ್ಬದ ಮುಂಚೆ ಅವರು ಅಟ್ಟದ ಏಣಿಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು. ಬೆರಳಿನಿಂದ ಮೊಣಕಾಲಿನ ಮೇಲಿನವರೆಗೆ ಪ್ಲಾಸ್ಟರ್.

"ಬಾಡಿಗಿ ಕಾರ್ ಮಾಡೂಣ್ರಿ," ಎಂದೆ.

"ಮಗಳ್ನ ಕರಕೊಂಡ್ ಬರಾಕ ಬಾಡಿಗಿ ಗಾಡಿ ಯಾಕ? ನೀ ಹೊಡಿ. ನಾ ಹಿಂದ ಕುಂತು ಹೇಳ್ತೇನಿ," ಎಂದರು.

ಹೇಳುವ ಕೆಲಸವನ್ನಂತೂ ಅವರು ಎರಡು ದಿನವೂ ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕೂತು, ಬಲಗಡೆಯ ಗೋಡೆಗೆ ದಿಂಬು ಕೊಟ್ಟು ಒರಗಿ, ಪ್ಲಾಸ್ಟರ್ ಹಾಕಿದ ಕಾಲನ್ನು ಎಡಕ್ಕೆ ನೀಡಿದ್ದರು. ಎಡಗಡೆ ಗಾಲಿಯ ಮೇಲೆ ಉಬ್ಬಿಕೊಂಡ ತಗಡಿಗೆ ಅವರ ಹಿಮ್ಮಡಿ ತಾಗುತ್ತಿತ್ತು. ನಡುವಿನ ಸೀಟಿನಲ್ಲಿ ಕುಬಸದ ಬುತ್ತಿ: ಶೇಂಗಾದ ಹೋಳಿಗೆ, ಕರಿಗಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ. ಗಾಡಿಯೊಳಗೆಲ್ಲ ಅದರದೇ ಘಮ.

ಹಾನಗಲ್ಲಿನಿಂದ ಹಿರೇಕೆರೂರಿಗೆ ನೇರ ಹೋದರೆ ಐವತ್ತು ಕಿಲೋಮೀಟರಿಗಿಂತ ಹೆಚ್ಚಾಗದು. ನಾವು ಮಾತ್ರ ಅದಕ್ಕೆ ಬೆನ್ನು ತಿರುಗಿಸಿ ಶಿಗ್ಗಾಂವಿಯ ದಾರಿ ಹಿಡಿದೆವು. ಯಜಮಾನರ ಅಕ್ಕ ಪಾರವ್ವ ಇರುವುದು ಶಿಗ್ಗಾಂವಿಯಲ್ಲಿ. ಅವರಿಲ್ಲದೆ ನಮ್ಮ ಮನೆಯ ಯಾವ ಶುಭಕಾರ್ಯವೂ ನಡೆದದ್ದಿಲ್ಲ. ಆರತಿ ಹಾಡು ಬರುವುದು ಅವರೊಬ್ಬರಿಗೇ. ಅವರ ಅಪ್ಪಣೆಯಂತೆ ಉಡಿ ತುಂಬಲು ಸವಣೂರಿನ ವೀಳ್ಯದೆಲೆಯೇ ಆಗಬೇಕು. ಹೀಗಾಗಿ ಶಿಗ್ಗಾಂವಿ, ಸವಣೂರು, ಹಾವೇರಿ ಸುತ್ತಿ ಹಿರೇಕೆರೂರು ಸೇರುವ ಲೆಕ್ಕ.

ಇನ್ನು ಆ ಸಪ್ಪಳದ ವಿಚಾರ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ವ್ಯಾನು ಹೊಸದೊಂದು ದನಿ ತೆಗೆದಿತ್ತು. ವೇಗ ನಲವತ್ತು ದಾಟಿದರೆ ಕೆಳಗೆಲ್ಲೋ ಗುಂಯ್ ಎಂದು ಶುರುವಾಗುತ್ತಿತ್ತು, ತಂಬಿಗೆಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ. ವೇಗ ಹೆಚ್ಚಿದಂತೆ ದುಂಬಿಯೂ ದೊಡ್ಡದಾಗುತ್ತಿತ್ತು. ನಾನು ಹೇಳಿದಾಗಲೆಲ್ಲ ಯಜಮಾನರದು ಒಂದೇ ಉತ್ತರ: "ಅದು ರಸ್ತೆ ಸಪ್ಪಳ. ಗಾಡಿಗೇನೂ ಆಗಿಲ್ಲ." ಅವರ ಮೊಂಡುತನವೆಂದು ನಾನೂ ಸುಮ್ಮನಾಗದೆ ಆಗಾಗ ಚುಚ್ಚುತ್ತಿದ್ದೆ. ಆ ಬೆಳಿಗ್ಗೆ ಊರು ದಾಟುತ್ತಿದ್ದಂತೆ ಗುಂಯ್ ಜೊತೆಗೆ ಇನ್ನೊಂದು ಸೇರಿತು. ಟಿಕ್, ಟಿಕ್, ಟಿಕ್.

"ಕೇಳ್ರಿ, ಈಗ ಎರಡ ಸಪ್ಪಳ ಬರಾಕತ್ತಾವ."

"ನೀ ಗೇರ್ ಕಡೆ ಲಕ್ಷ್ಯ ಕೊಡು. ಮೂರರಾಗ ಎಷ್ಟೊತ್ತು ಎಳಿತಿ?"

ಬಂಕಾಪುರದ ಕಡೆ ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು. ಎದುರಿಗೆ ಬಸ್ಸು ಬಂದಾಗ ಜೋಳದ ಮೇಲೆ ಹಾಯಿಸುವುದೋ ಬಸ್ಸಿಗೆ ದಾರಿ ಬಿಡದೆ ನಿಲ್ಲುವುದೋ ತಿಳಿಯದೆ ನಡುರಸ್ತೆಯಲ್ಲೇ ನಿಂತುಬಿಟ್ಟೆ. ಕಾಳು ಹರವುತ್ತಿದ್ದ ಹೆಂಗಸು ಸೊಂಟಕ್ಕೆ ಕೈಯಿಟ್ಟು ನನ್ನನ್ನು ನೋಡಿ, "ಬರ್ರಿ ಯಕ್ಕಾ, ಮ್ಯಾಲ ಹಾಯಿಸ್ರಿ. ನಿಮ್ಮ ಗಾಡಿ ಹಗೂರ ಐತಿ, ನುಚ್ಚೇನ್ ಆಗಂಗಿಲ್ಲ," ಎಂದು ನಕ್ಕಳು. ಹಾಯಿಸಿದೆ.

ಶಿಗ್ಗಾಂವಿ ಮುಟ್ಟಿದಾಗ ಹೆದ್ದಾರಿಯ ಲಾರಿಗಳ ಗದ್ದಲ ಏರಿತ್ತು. ಪಾರವ್ವ ಅಕ್ಕಾರು ಇಳಕಲ್ ಸೀರೆ ಉಟ್ಟು, ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದರೂ ಬೆನ್ನು ನೆಟ್ಟಗೆ. ಗಾಡಿ ಬಾಗಿಲಿಗೆ ಬರುವ ಮೊದಲೇ ಎದ್ದು ನಿಂತರು.

"ಶಾರದಾ, ಏನವ್ವಾ ನಿನ್ನ ಗಾಡಿ ಗೆಜ್ಜಿ ಕಟ್ಕೊಂಡು ಬರಾಕತ್ತೈತಿ?"

ನನಗೆ ಅಳು ಬರುವಷ್ಟು ಸಂತೋಷವಾಯಿತು. "ನೋಡ್ರಿ! ಅಕ್ಕಾರಿಗೆ ಮನಿ ಮುಂದ ನಿಂತ ಕೇಳತೈತಿ!"

ಒಗ್ಗರಣೆ ಹಾಕಿದ ಮಂಡಕ್ಕಿ, ಬಿಸಿ ಮಿರ್ಚಿ, ಚಹಾ ಮುಗಿಸಿ ಪರೀಕ್ಷೆಗೆ ಇಳಿದೆವು. ಅಕ್ಕಾರು ನೆರಿಗೆ ಸಿಕ್ಕಿಸಿಕೊಂಡು ಗಾಲಿಗಳ ಪಕ್ಕ ಬಗ್ಗಿ, ನನಗೆ ಗಾಡಿಯನ್ನು ನಿಧಾನ ಮುಂದೆ ಬಿಡಲು ಹೇಳಿದರು. ಮುಂದಿನ ಬಲಗಾಲಿಯ ಟೈರಿನ ಸಂದಿಯಲ್ಲಿ ಚೂಪಾದ ಕಲ್ಲೊಂದು ಕಚ್ಚಿಕೊಂಡಿತ್ತು. ಗಾಲಿ ಒಂದು ಸುತ್ತು ತಿರುಗಿದಾಗೊಮ್ಮೆ ಅದು ಡಾಂಬರಿಗೆ ಬಡಿಯುತ್ತಿತ್ತು. ಅಕ್ಕಾರು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದು, ತಮ್ಮನ ಮೂಗಿನ ಮುಂದೆ ಹಿಡಿದರು.

"ಇದ ನೋಡಕ್ಕಾ, ಈಕಿ ಎರಡ ತಿಂಗಳಿಂದ ಕೇಳಿದ ಸಪ್ಪಳ," ಎಂದು ಯಜಮಾನರೇ ತಮ್ಮ ಪರವಾಗಿ ತೀರ್ಪು ಕೊಟ್ಟುಕೊಂಡು ಜೋರಾಗಿ ನಕ್ಕರು. ನಾನು ವಾದಿಸಲಿಲ್ಲ. ಟಿಕ್ ಟಿಕ್ ಹೋಗಿತ್ತು. ಗುಂಯ್ ಇನ್ನೂ ಇದೆಯೋ ಇಲ್ಲವೋ ಸವಣೂರಿನ ರಸ್ತೆಯೇ ಹೇಳಲಿ ಎಂದುಕೊಂಡೆ.

ಶಿಗ್ಗಾಂವಿಯಿಂದ ಸವಣೂರಿಗೆ ಇಪ್ಪತ್ತು ಕಿಲೋಮೀಟರಿನ ಒಳಗೇ. ಎರಡೂ ಕಡೆ ಹತ್ತಿ ಬಿಡಿಸುವ ಹೆಂಗಸರು, ಬಿಸಿಲು ಹದವಾಗಿತ್ತು. ಅಕ್ಕಾರು ನನ್ನ ಪಕ್ಕದ ಸೀಟಿನಲ್ಲಿ ಕೂತು ಕುಬಸದ ಹಾಡನ್ನು ಗುನುಗುತ್ತಿದ್ದರು. ವೇಗ ನಲವತ್ತಕ್ಕೆ ಬಂತು. ಅಕ್ಕಾರ ಹಾಡು ನಿಂತಿತು.

"ಇದ್ಯಾವ್ದು ಮತ್ತ? ನನ್ನ ಹಾಡಿಗೆ ಸುರ ಹಿಡ್ಯಾಕತ್ತೈತಿ?"

ನಾನು ಕನ್ನಡಿಯಲ್ಲಿ ಹಿಂದೆ ನೋಡಿದೆ. ಯಜಮಾನರು ಕಿಟಕಿಯಾಚೆ ನೋಡುತ್ತಿದ್ದರು. ನಗು ಇರಲಿಲ್ಲ. ಬಲಕ್ಕೆ ಬಾಗುವ ತಿರುವಿನಲ್ಲಿ ಗುಂಯ್ ಎನ್ನುವುದು ಗರ್ ಎಂದಿತು. ಎಡತಿರುವಿನಲ್ಲಿ ಮೆತ್ತಗಾಯಿತು. ಅದನ್ನು ನಾನು ಎರಡು ಮೂರು ತಿರುವುಗಳಲ್ಲಿ ಗಮನಿಸಿದೆ. ಮಗಳು ಈ ಗಾಡಿಯಲ್ಲಿ ಕೂರುವವಳು ಎಂದು ನೆನಪಾಗಿ ಕಾಲು ತಾನಾಗಿ ಎಕ್ಸಲರೇಟರಿನಿಂದ ಎದ್ದಿತು.

"ಸವಣೂರಾಗ ತೋರ್ಸೂಣ್ರಿ. ತೋರಿಸಲಾರ್ದ ನಾ ಮುಂದ ಹೋಗಂಗಿಲ್ಲ," ಎಂದೆ.

ಅವರು ಬೇಡವೆನ್ನಲಿಲ್ಲ. ನನಗೆ ಅದೇ ಆಶ್ಚರ್ಯ.

ಸವಣೂರಿನ ಹೊರಗಡೆ ಬೇವಿನ ಮರದ ಕೆಳಗೆ ಒಂದು ಗ್ಯಾರೇಜು ಸಿಕ್ಕಿತು. ಗ್ಯಾರೇಜಿನ ಮಾಬುಸಾಬ್ ನಲವತ್ತರ ಆಸುಪಾಸಿನ ಆಳು, ಮಾತಿಗೊಮ್ಮೆ ನಗುವ ಮನುಷ್ಯ. ನಾನು ಸಪ್ಪಳದ ಕಥೆಯನ್ನು ಹೇಳಿ ಮುಗಿಸುವವರೆಗೂ ಕೇಳಿ, ತಾನೇ ಒಂದು ಸುತ್ತು ಓಡಿಸಿಕೊಂಡು ಬಂದ.

"ಬಲಕ್ಕ ತಿರುವಿದ್ರ ಜಾಸ್ತಿ ಆಗ್ತೈತಿ ಅಂದ್ರೆಲ್ಲ, ಬರೋಬ್ಬರಿ ಐತ್ರಿ. ಬಲಕ್ಕ ತಿರುವಿದ್ರ ಗಾಡಿ ಭಾರ ಎಡಕ್ಕ ಬೀಳ್ತೈತಿ. ಎಡಗಡೆ ಗಾಲಿದ ತಕರಾರು. ಮುಂದಿಂದ ಇರಬೇಕು."

ಮುಂದಿನ ಎಡಗಾಲಿಗೆ ಜಾಕ್ ಕೊಟ್ಟು ಎತ್ತಿದ. ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದ, ತಿರುಗಿಸಿದ. ಗಾಲಿ ಬೆಣ್ಣೆಯಂತೆ ತಿರುಗಿತು. ತಲೆ ಕೆರೆದುಕೊಂಡ. ಟೈರ್ ಒಂದು ಕಡೆ ಸವೆದಿದೆ, ಅದರದೇ ಸಪ್ಪಳ ಇರಬಹುದೆಂದು ಸ್ಟೆಪ್ನಿ ಹಾಕಿದ. ಮತ್ತೊಂದು ಸುತ್ತು ಹೋದೆವು, ಈ ಸಲ ನಾವೆಲ್ಲ ಒಳಗೇ ಇದ್ದೆವು. ದುಂಬಿ ಎಲ್ಲಿತ್ತೋ ಅಲ್ಲೇ ಇತ್ತು.

ಆಗ ಹಿಂದಿನಿಂದ ಯಜಮಾನರು ಕೂಗಿದರು. "ಮಾಬುಸಾಬ್, ನಿಲ್ಸಬ್ಯಾಡ್ರಿ. ಹಂಗ ಬಲಕ್ಕ ತಿರುವ್ರಿ. ಇನ್ನೊಮ್ಮೆ."

ಮಾಬುಸಾಬ್ ಬಯಲಿನಲ್ಲಿ ಗಾಡಿಯನ್ನು ಬಲಕ್ಕೆ ಸುತ್ತಿಸಿದ.

"ಈಗ ಎಡಕ್ಕ."

ಎಡಕ್ಕೆ ಸುತ್ತಿಸಿದ.

"ಇದು ನನ್ನ ಕಾಲಾಗ ಬರಾಕತ್ತೈತ್ರಿ! ಈ ತಗಡಿಗೆ ಪ್ಲಾಸ್ಟರ್ ತಾಗೈತಲ್ಲ, ಬಲಕ್ಕ ತಿರುಗಿದ್ರ ಎಲುಬಿನ ತನಕ ಗರಗರ ಅಂತೈತಿ. ಎಡಕ್ಕ ತಿರುಗಿದ್ರ ಸುಮ್ನಾಗತೈತಿ. ಹಿಂದಿನ ಗಾಲಿ ಐತಿದು!"

ಅವರ ಮುಖ ಅರಳಿತ್ತು. ಗಿರಣಿಯಲ್ಲಿ ಹಿಟ್ಟು ಸರಿಯಾದ ಹದಕ್ಕೆ ಬಿದ್ದಾಗ ಹಾಗೆ ಅರಳುವುದನ್ನು ನೋಡಿದ್ದೇನೆ. ಮಾಬುಸಾಬ್ ಹಿಂದಿನ ಎಡಗಾಲಿಯನ್ನು ಎತ್ತಿ, ಒಂದು ಕೈಯಿಂದ ತಿರುಗಿಸುತ್ತ ಇನ್ನೊಂದು ಕೈಯನ್ನು ಗಾಲಿಯ ಹಿಂದಿನ ಸ್ಪ್ರಿಂಗಿನ ಮೇಲಿಟ್ಟ. ನನ್ನ ಕೈಯನ್ನೂ ಇಡಿಸಿದ. ಒಳಗೆ ಮರಳು ಅರೆದಂತೆ ಕರಕರ ಎನ್ನುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು.

"ಬೇರಿಂಗ್ ಹೋಗೈತ್ರಿ. ನಾ ಇನ್ನೂ ಮುಂದಿನ ಗಾಲಿ ಬಿಚ್ಚಿ ಕುಂದರ್ತಿದ್ದೆ. ಯಜಮಾನರ ಕಾಲು ಭಾಳ ಶಾಣ್ಯಾ ಐತಿ," ಎಂದು ಮಾಬುಸಾಬ್ ನಕ್ಕ. ನಂತರ ಬುತ್ತಿಯ ಬುಟ್ಟಿಗಳನ್ನು ನೋಡಿ, "ಎಲ್ಲಿಗ್ರಿ ಇದೆಲ್ಲಾ?" ಎಂದು ಕೇಳಿದ.

"ಮಗಳ ಕುಬಸಕ್ಕಪ್ಪಾ. ನಾಳೆ ಇದ ಗಾಡ್ಯಾಗ ಕರಕೊಂಡು ಬರಬೇಕು," ಎಂದರು ಅಕ್ಕಾರು.

ಅವನ ನಗು ನಿಂತಿತು. "ಹಂಗಾರ ಇದನ್ನ ಹಿಂಗ ಕಳ್ಸಂಗಿಲ್ರಿ. ನೀವಷ್ಟ ಆದ್ರ ಹಗೂರ ಹೋಗ್ರಿ ಅಂತಿದ್ದೆ. ಬಸುರಿ ಹೆಣ್ಮಗಳು ಕುಂದರೂ ಗಾಡಿ. ಗಾಲಿ ದಾರ್ಯಾಗ ಹಿಡ್ಕೊಂಡ್ರ ಏನ್ ಮಾಡ್ತೀರಿ? ಬೇರಿಂಗ್ ಇಲ್ಲಿ ಸಿಗಂಗಿಲ್ಲ. ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಸ್ತೇನಿ. ಮಧ್ಯಾಹ್ನದ ಒಳಗ ಬರತೈತಿ."

ಫೋನು ಮಾಡಿದ. ನಾವು ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತೆವು. ಮಧ್ಯಾಹ್ನದ ಹೊತ್ತಿಗೆ ಹಸಿವು ಶುರುವಾಯಿತು. ಕಣ್ಣೆದುರಿಗೇ ಹೋಳಿಗೆಯ ಬುಟ್ಟಿ, ಆದರೆ ಬಸುರಿಯ ಬುತ್ತಿಯನ್ನು ದಾರಿಯಲ್ಲಿ ಬಿಚ್ಚುವುದು ಸಲ್ಲದೆಂದು ಅಕ್ಕಾರ ಕಟ್ಟಪ್ಪಣೆ. ಮಾಬುಸಾಬ್ ಪಕ್ಕದ ಅಂಗಡಿಯಿಂದ ಬಾಳೆಹಣ್ಣು, ಚಹಾ ತರಿಸಿದ. ದುಡ್ಡು ಕೊಡಹೋದರೆ, "ಕುಬಸದ ಮಂದಿ ಕಡಿಂದ ಚಹಾದ ರೊಕ್ಕ ಇಸ್ಕೊಂಡ್ರ ನಮ್ಮವ್ವ ಮನಿ ಒಳಗ ಬಿಟ್ಕೊಳ್ಳಂಗಿಲ್ರಿ," ಎಂದ.

ಬಸ್ಸು ಬರುವ ಹೊತ್ತಾಯಿತೆಂದು ಮಾಬುಸಾಬ್ ಸ್ಕೂಟರ್ ತೆಗೆದಾಗ ಅಕ್ಕಾರು, "ತಡಿಯಪ್ಪಾ, ನಾನೂ ಬರ್ತೇನಿ. ಬಸ್‌ಸ್ಟ್ಯಾಂಡ್ ಕಡೆ ಎಲಿ ತಗೋಬೇಕು," ಎಂದು ಹಿಂದೆ ಹತ್ತಿ ಕೂತೇಬಿಟ್ಟರು. ಸೆರಗು ಬಿಗಿದುಕೊಂಡು, ಅವನ ಭುಜ ಹಿಡಿದು, ಮುದುಕಿ ಸ್ಕೂಟರಿನಲ್ಲಿ ಹೋದದ್ದನ್ನು ರಸ್ತೆಯವರೆಲ್ಲ ನಿಂತು ನೋಡಿದರು.

ನಾವಿಬ್ಬರೇ ಉಳಿದೆವು. ಯಜಮಾನರು ಅರ್ಧ ತಿಂದ ಬಾಳೆಹಣ್ಣನ್ನು ಪಕ್ಕಕ್ಕಿಟ್ಟರು. ಆಮೇಲೆ ಪ್ಲಾಸ್ಟರನ್ನು ನೋಡುತ್ತ ಹೇಳಿದರು.

"ನೀ ಸುಳ್ಳ ಹೇಳ್ತಿ ಅಂತ ನಾ ಅಂದಿದ್ದಲ್ಲ ಶಾರದಾ. ನಂಗ ಆ ಸಪ್ಪಳ ಕೇಳ್ತಿರಲಿಲ್ಲ. ಇವತ್ತೂ ಕೇಳ್ಲಿಲ್ಲ. ಬರೇ ಕಾಲಿಗೆ ಗೊತ್ತಾತು."

ನಾನು ಅವರ ಕಡೆ ತಿರುಗಿದೆ.

"ಗಿರಣ್ಯಾಗ ಬೆಲ್ಟ್ ಸಡಲ ಆದ್ರೂ ಈಗ ಕೈ ಇಟ್ಟ ನೋಡ್ತೇನಿ. ಮೊದಲ ಬಾಗಲ್ದಾಗ ನಿಂತ ಹೇಳ್ತಿದ್ದೆ. ಜೋರ ಮಾತಾಡಿದ್ರ ಕೇಳತೈತಿ. ಸಣ್ಣ ಸಪ್ಪಳ ಯಾವ್ದೂ ಇಲ್ಲ. ಗಡಿಯಾರದ್ದೂ ಇಲ್ಲ."

"ಯಾಕ ಹೇಳ್ಲಿಲ್ರಿ?"

"ಏನಂತ ಹೇಳ್ಲಿ?" ಎಂದು ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. "ಮನಿಗೆ ಕೂಸು ಬರತೈತಿ. ಸಣ್ಣಗ ಅತ್ರ ನಂಗ ಗೊತ್ತಾಗತೈತೋ ಇಲ್ಲೋ ಅಂತ ರಾತ್ರಿ ಅದ ವಿಚಾರ."

ಎರಡು ತಿಂಗಳು ನಾನು ಆಡಿದ ಚುಚ್ಚುಮಾತುಗಳೆಲ್ಲ ನನಗೇ ಕೇಳಿಸಿದಂತಾಯಿತು. ರಸ್ತೆಯಲ್ಲಿ ಎತ್ತಿನ ಗಾಡಿಯೊಂದು ಹೋಯಿತು. ಅದರ ಗೆಜ್ಜೆಯ ದನಿ ಅವರಿಗೆ ಕೇಳಿತೋ ಇಲ್ಲವೋ ಎಂದು ಮೊದಲ ಬಾರಿ ಯೋಚಿಸಿದೆ. ಅವರ ಕೈ ಹಿಡಿದುಕೊಂಡು, "ಪ್ಲಾಸ್ಟರ್ ತೆಗಸಾಕ ಹೋದ ದಿನಾನ ಕಿವಿ ಡಾಕ್ಟರ ಕಡೆ ಹೋಗೂಣ್ರಿ. ಈಗ ಮಷಿನ್ ಹಾಕ್ತಾರಂತ," ಎಂದೆ.

"ಹೋಗೂಣು," ಎಂದರು. ಇಷ್ಟು ಬೇಗ ಅವರು ಯಾವುದಕ್ಕೂ ಒಪ್ಪಿದವರಲ್ಲ. ಎದೆಯ ಮೇಲಿನ ಭಾರ ಇಳಿದವರಂತೆ ಉಳಿದ ಬಾಳೆಹಣ್ಣನ್ನೂ ತಿಂದರು.

ಸ್ಕೂಟರ್ ತಿರುಗಿ ಬಂದಾಗ ಅಕ್ಕಾರ ಒಂದು ಕೈಯಲ್ಲಿ ಎಲೆಯ ಕಟ್ಟು, ಇನ್ನೊಂದರಲ್ಲಿ ಕುರುಕಲು ತಿಂಡಿ ಸವಣೂರು ಖಾರಾದ ಪೊಟ್ಟಣ. ಬೇರಿಂಗಿನ ಡಬ್ಬಿಯನ್ನು ಸೆರಗಿನ ಉಡಿಯಲ್ಲಿ ಕಟ್ಟಿಕೊಂಡಿದ್ದರು.

"ನೋಡವ್ವಾ ಶಾರದಾ, ಮಗಳಿಗಿಂತ ಮೊದಲ ನಾನ ಉಡಿ ತುಂಬಿಸ್ಕೊಂಡು ಬಂದೆ," ಎಂದರು. ಮಾಬುಸಾಬ್ ಸ್ಕೂಟರಿಗೆ ಒರಗಿಕೊಂಡು ನಕ್ಕ ನಗೆಗೆ ಯಜಮಾನರ ನಗೆಯೂ ಸೇರಿತು.

ಹಳೆಯ ಬೇರಿಂಗ್ ಸುಲಭಕ್ಕೆ ಬಿಡಲಿಲ್ಲ. ಸುತ್ತಿಗೆ, ಉಳಿ, ಬೆವರು, ಮತ್ತೆ ಸುತ್ತಿಗೆ. ಹೊರಬಂದಾಗ ಅದರೊಳಗಿನ ಗುಂಡುಗಳು ಕಪ್ಪಾಗಿ ಹುರಿದ ಕಡಲೆಯಂತಾಗಿದ್ದವು. ಹೊಸದನ್ನು ಕೂರಿಸಿ, ಬ್ರೇಕನ್ನೂ ನೋಡಿ, ಉಳಿದ ಗಾಲಿಗಳ ನಟ್ಟುಗಳನ್ನೆಲ್ಲ ಬಿಗಿದು, ಮಾಬುಸಾಬ್ ನನ್ನ ಕೈಗೆ ಕೀಲಿ ಕೊಟ್ಟ. "ಈಗ ನೀವ ಹೊಡ್ರಿ. ಯಜಮಾನರ ಕಾಲು ಏನ್ ಹೇಳತೈತಿ ಕೇಳೂಣು."

ಬಯಲಿನಲ್ಲಿ ಬಲಕ್ಕೆ ಸುತ್ತಿದೆ, ಎಡಕ್ಕೆ ಸುತ್ತಿದೆ. ರಸ್ತೆಗೆ ಹೋಗಿ ಐವತ್ತರವರೆಗೂ ಓಡಿಸಿದೆ. ನನ್ನ ಕಿವಿಗೆ ಎಂಜಿನ್ನಿನ ಸಪ್ಪಳ ಬಿಟ್ಟು ಬೇರೇನೂ ಇಲ್ಲ. ಯಜಮಾನರು ಹಿಮ್ಮಡಿಯನ್ನು ತಗಡಿಗೆ ಒತ್ತಿ, ಕಣ್ಣು ಮುಚ್ಚಿ ಕೂತಿದ್ದರು.

"ಏನೂ ಇಲ್ಲ. ಕಾಲು ಮಲಗೇತಿ," ಎಂದರು.

ಮಾಬುಸಾಬ್ ಕೇಳಿದ ಹಣ ಕೊಟ್ಟೆವು. ಹೆಚ್ಚೇನಿರಲಿಲ್ಲ. ಅಕ್ಕಾರು ಆಗ ತಾವೇ ಬುಟ್ಟಿ ಬಿಚ್ಚಿ ಅವನಿಗೆ ಹೋಳಿಗೆ ಕೊಟ್ಟರು. ಬುತ್ತಿ ಬಿಚ್ಚಬಾರದಲ್ಲ ಎಂದು ನಾನು ನೆನಪಿಸಿದರೆ, "ನಾವು ತಿನ್ನಬಾರದು. ಅವ್ನು ತಿನ್ನಬಹುದು. ಶಾಸ್ತ್ರ ನಂಗ ಗೊತ್ತಿಲ್ಲೇನು?" ಎಂದು ಗದರಿಸಿದರು.

ಹಾವೇರಿ ದಾಟಿ ಹಂಸಭಾವಿಯ ದಾರಿ ಹಿಡಿದಾಗ ಸೂರ್ಯ ಬಲಕ್ಕೆ ಇಳಿಯುತ್ತಿದ್ದ. ಖಾರಾದ ಪೊಟ್ಟಣ ಕೈಯಿಂದ ಕೈಗೆ ಹೋಗಿ ಹಾವೇರಿಯಲ್ಲೇ ಖಾಲಿಯಾಗಿತ್ತು. ನಾನು ನಾಲ್ಕನೇ ಗೇರಿನಲ್ಲಿ ನಿಶ್ಚಿಂತೆಯಿಂದ ಓಡಿಸುತ್ತಿದ್ದೆ. ಹಿರೇಕೆರೂರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಬೀಗರ ಮನೆಯ ಮುಂದೆ ನಿಂತೆವು. ಡ್ರೈವರ್ ಬಾಗಿಲಿನಿಂದ ನಾನು ಇಳಿದದ್ದನ್ನು ಕಂಡು ವಿದ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವ್ವಾ, ಹಾವೇರಿ ಸುತ್ತಿ ನೀನ ಹೊಡ್ಕೊಂಡು ಬಂದ್ಯಾ?" ಬೀಗಿತಿ ಆರತಿ ತಂದು, ಯಾರಿಗೆ ಮೊದಲು ಎತ್ತಬೇಕೆಂದು ತಿಳಿಯದೆ ನನಗೇ ಎತ್ತಿದರು.

ಮಾರನೆಯ ದಿನದ ಕುಬಸವನ್ನು ಉದ್ದಕ್ಕೆ ಬರೆಯಲಾರೆ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಅಕ್ಕಾರ ಹಾಡು, ಉಡಿಯಲ್ಲಿ ಸವಣೂರಿನ ಎಲೆ. ಯಜಮಾನರು ಕುರ್ಚಿಯ ಮೇಲೆ ಕಾಲು ನೀಡಿ ಕೂತು, ಬೀಗರಿಗೆ ಬೇರಿಂಗಿನ ಕಥೆಯನ್ನು ಹೇಳುತ್ತಿದ್ದರು. ಕೇಳಿದವರು ಒಬ್ಬೊಬ್ಬರಾಗಿ ಬಂದು ಪ್ಲಾಸ್ಟರನ್ನು ಮುಟ್ಟಿ ನೋಡಿ ಹೋದರು. ನಡುವೆ ಒಂದು ಸಲ, "ನನ್ನ ಕಿವಿ ಸ್ವಲ್ಪ ಮಂದ, ಜೋರ ಹೇಳ್ರಿ," ಎಂದು ಅವರು ಬೀಗರಿಗೆ ಹೇಳಿದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಬೀಗರು ಜೋರಾಗಿಯೇ ಹೇಳಿದರು. ಅಷ್ಟೇ ಆಯಿತು, ಮತ್ತೇನೂ ಆಗಲಿಲ್ಲ.

ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ಹೊರಟೆವು. ವಿದ್ಯಾ ಮತ್ತು ಅಕ್ಕಾರು ನಡುವಿನ ಸೀಟಿನಲ್ಲಿ. ಚಿಕ್ಕೇರೂರು, ತಿಳವಳ್ಳಿಯ ಕಡೆಯಿಂದ ನೇರ ದಾರಿ. ಕೊಯ್ದ ಭತ್ತದ ಗದ್ದೆಗಳಲ್ಲಿ ಬೆಳ್ಳಕ್ಕಿಗಳು, ಕೆರೆಗಳಲ್ಲಿ ಸಂಜೆಯ ಬಣ್ಣ. ಗುಂಡಿಗಳು ಬಂದಲ್ಲೆಲ್ಲ ಹಿಂದಿನ ಸೀಟಿನಿಂದ ಸೂಚನೆ ಬರುತ್ತಿತ್ತು: "ಹಗೂರ. ಬ್ರೇಕ್. ಈಗ ಬಿಡು." ನಾನು ಅದಕ್ಕಿಂತ ಮೊದಲೇ ಬ್ರೇಕ್ ಒತ್ತಿರುತ್ತಿದ್ದೆ. ವಿದ್ಯಾ ಸ್ವಲ್ಪ ಹೊತ್ತು ಮಾತಾಡಿ, ಅಕ್ಕಾರ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಅಕ್ಕಾರೂ ಹೋದರು.

ಹಾನಗಲ್ಲಿನ ಮನೆಯ ಅಂಗಳಕ್ಕೆ ಗಾಡಿ ತಂದು ಎಂಜಿನ್ ಆರಿಸಿದೆ. ಅವರಿಬ್ಬರಿಗೂ ಎಚ್ಚರವಾಗಲಿಲ್ಲ. ಎಬ್ಬಿಸಲು ಮನಸ್ಸಾಗಲಿಲ್ಲ. ನಾವೂ ಹಾಗೆಯೇ ಕೂತೆವು.

ಹಿಂದಿನಿಂದ ಯಜಮಾನರು ಮುಂದಕ್ಕೆ ಬಾಗಿ ಮೆಲ್ಲನೆ ಕೇಳಿದರು. "ಈಗ ಏನೇನ್ ಸಪ್ಪಳ ಬರಾಕತ್ತೈತಿ, ಹೇಳು."

ನಾನು ಕಿವಿಗೊಟ್ಟೆ. ಅವರಿಗೆ ಕೇಳಲಿ ಎಂದು ಸದ್ದಿಲ್ಲದೆ ಇಳಿದು ಹಿಂದಿನ ಕಿಟಕಿಗೆ ಬಂದು, ಅವರ ಕಿವಿಯ ಹತ್ತಿರ ಬಾಯಿ ಇಟ್ಟು ಹೇಳಿದೆ. "ಎಂಜಿನ್ ಆರಾಕತ್ತೈತಿ, ಟಣ್ ಟಣ್ ಅಂತ. ಹಿತ್ತಲದಾಗ ಜೀರುಂಡಿ. ವಿದ್ಯಾ ಉಸಿರಾಡಾಕತ್ತಾಳ, ಒಂದ ಸಮ. ಅಕ್ಕಾರು ಗೊರಕಿ ಹೊಡ್ಯಾಕತ್ತಾರ."

"ಅಕ್ಕನ ಗೊರಕಿ ನೀ ಹೇಳೂದ ಬ್ಯಾಡ," ಎಂದರು ಯಜಮಾನರು. "ಅದು ನಂಗೂ ಕೇಳತೈತಿ."